ಕೃಪೆ ಮೊದಲೋ, ನಡತೆ ಮೊದಲೋ

ಮನುಷ್ಯನಿಗೆ ಮುಕ್ತಿ ದೊರೆಯುವುದು ದೇವರ ಕೃಪೆಯಿಂದಲೋ, ಆ ಕೃಪೆಯ ಮೇಲೆ ಅವನು ಇಡುವ ನಂಬಿಕೆಯಿಂದಲೋ, ಇಲ್ಲವೆ ಅವನ ನಡತೆಯ ಶುದ್ಧಿಯಿಂದಲೋ ಎಂಬ ಪ್ರಶ್ನೆಯನ್ನು ಕ್ರೈಸ್ತ ಲೋಕ ಸುಮಾರು ಎರಡು ಸಾವಿರ ವರ್ಷಗಳಿಂದ ಚರ್ಚಿಸುತ್ತ ಬಂದಿದೆ. ಈ ಪ್ರಶ್ನೆಯಿಂದಾಗಿ ಸಭೆಗಳು ಒಡೆದಿವೆ, ಧರ್ಮಪಂಡಿತರು ಬಹಿಷ್ಕಾರಕ್ಕೆ ಗುರಿಯಾಗಿದ್ದಾರೆ, ಒಂದೇ ಗ್ರಂಥವನ್ನು ಓದುವವರು ಪರಸ್ಪರ ಬೆನ್ನು ತಿರುಗಿಸಿ ನಿಂತಿದ್ದಾರೆ. ಶಿಕಾರಿಪುರ ಮತ್ತು ಸೊರಬದ ಕೇಳುಗರಿಗೆ ಇದು ಬೇರೊಂದು ಖಂಡದ ಜಗಳವೆಂದು ತೋರಬಹುದು. ಆದರೆ ಇದೇ ಪ್ರಶ್ನೆಯನ್ನು ಇದೇ ತೀವ್ರತೆಯಿಂದ ಕೇಳಿಕೊಂಡವರು ಈ ಎರಡು ತಾಲ್ಲೂಕುಗಳಲ್ಲಿಯೇ ಬಾಳಿದ್ದರು, ಮತ್ತು ಅವರು ಕೊಟ್ಟುಕೊಂಡ ಉತ್ತರಗಳು ಕಲ್ಲಿನಲ್ಲಿಯೂ ವಚನದಲ್ಲಿಯೂ ಉಳಿದುಬಂದಿವೆ. ಆ ಉತ್ತರಗಳ ಬೆಳಕಿನಲ್ಲಿ ಕ್ರೈಸ್ತ ಚರ್ಚೆಯನ್ನು ಅರ್ಥಮಾಡಿಕೊಳ್ಳುವುದು ಈ ಭಾಷಣದ ಉದ್ದೇಶ.

ಮೊದಲು ಕಲ್ಲಿನ ಮಾತು. ಪ್ರಾಚೀನ ಕಾಲದಲ್ಲಿ ಈ ಪ್ರದೇಶಕ್ಕೆ ನಾಗರಖಂಡವೆಂಬ ಹೆಸರಿತ್ತು. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ಪತಿಯ ಮರಣದ ನಂತರ ನಾಗರಖಂಡ ಎಪ್ಪತ್ತರ ನಾಳ್ಗಾವುಂಡತನವನ್ನು, ಅಂದರೆ ಎಪ್ಪತ್ತು ಊರುಗಳ ಆಡಳಿತದ ಹೊಣೆಯನ್ನು, ಜಕ್ಕಿಯಬ್ಬೆ ಎಂಬ ಜೈನ ಮಹಿಳೆ ವಹಿಸಿಕೊಂಡು ದಕ್ಷತೆಯಿಂದ ನಡೆಸಿದಳು. ಕಾಯಿಲೆ ಬಿದ್ದಾಗ ಅವಳು ಆ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಇಂದಿನ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಬಸದಿಗೆ ಬಂದು, ಆಹಾರವನ್ನು ತ್ಯಜಿಸಿ ಸಲ್ಲೇಖನದಿಂದ ದೇಹ ಬಿಟ್ಟಳೆಂದು ಶಾಸನ ತಿಳಿಸುತ್ತದೆ. ಸೊರಬ ತಾಲ್ಲೂಕಿನ ಹಿರೇ ಆವಲಿಯಲ್ಲಿ ಹೀಗೆ ವ್ರತದಿಂದ ಮರಣವನ್ನು ಬರಮಾಡಿಕೊಂಡವರ ನಿಸಿಧಿ ಕಲ್ಲುಗಳು ಹಲವಾರಿವೆ. ನಿಸಿಧಿಯೆಂದರೆ ಅಂಥವರ ನೆನಪಿಗೆ ನಿಲ್ಲಿಸಿದ ಕಲ್ಲು. ಸಾಮಾನ್ಯವಾಗಿ ಅದರ ಮೇಲುಭಾಗದಲ್ಲಿ ಕುಳಿತ ಜಿನನ ಬಿಂಬವಿದ್ದು, ಕೆಳಗೆ ವ್ರತ ಹಿಡಿದವರು ಕೈಮುಗಿದು ಕುಳಿತಿರುತ್ತಾರೆ.

ಈ ಕಲ್ಲುಗಳ ಹಿಂದಿರುವ ತತ್ತ್ವ ಬಹಳ ಕಠಿಣವಾದದ್ದು. ಜೈನ ಸಿದ್ಧಾಂತದ ಪ್ರಕಾರ ಜಿನನು ದಾರಿಯನ್ನು ತೋರಿದವನೇ ಹೊರತು ಮುಕ್ತಿಯನ್ನು ದಯಪಾಲಿಸುವವನಲ್ಲ. ಜೀವಕ್ಕೆ ಅಂಟಿದ ಕರ್ಮವನ್ನು ಆ ಜೀವವೇ ಸಮ್ಯಕ್ ದರ್ಶನ, ಸಮ್ಯಕ್ ಜ್ಞಾನ ಮತ್ತು ಸಮ್ಯಕ್ ಚಾರಿತ್ರಗಳಿಂದ, ಅಂದರೆ ಸರಿಯಾದ ಶ್ರದ್ಧೆ, ಅರಿವು, ನಡತೆಗಳಿಂದ ಕಳೆದುಕೊಳ್ಳಬೇಕು. ಇನ್ನೊಬ್ಬರ ಕೃಪೆ ಅದನ್ನು ಕಳೆಯಲಾರದು. ಕ್ರೈಸ್ತ ಚರ್ಚೆಯಲ್ಲಿ ಯಾವ ಪಕ್ಷವೂ ಇಷ್ಟು ದೂರ ಹೋಗಿಲ್ಲವೆಂಬುದನ್ನು ಕೇಳುಗರು ಗಮನದಲ್ಲಿಡಬೇಕು.

ಈ ಪ್ರದೇಶದ ಇನ್ನೊಂದು ಉತ್ತರ ದಾನಶಾಸನಗಳಲ್ಲಿದೆ. ಬನವಾಸಿ ನಾಡಿನ ರಾಜಧಾನಿಯಾಗಿದ್ದ ಬಳ್ಳಿಗಾವೆಯಲ್ಲಿ ಕಾಳಾಮುಖ ಶೈವರ ಕೋಡಿಯಮಠವಿತ್ತು. ಕಳಚುರಿ ಬಿಜ್ಜಳನ ಕಾಲದ 1162ರ ಶಾಸನವೊಂದು ಆ ಮಠವನ್ನು ವೇದ, ವ್ಯಾಕರಣ, ದರ್ಶನಗಳ ಅಧ್ಯಯನದ ನೆಲೆಯೆಂದು ಕೊಂಡಾಡುವುದರ ಜೊತೆಗೆ, ದೀನರಿಗೂ ಅನಾಥರಿಗೂ ಕುಂಟರಿಗೂ ಕುರುಡರಿಗೂ ಬೇರೆ ಬೇರೆ ಮತಗಳ ಸನ್ಯಾಸಿಗಳಿಗೂ ಅನ್ನ ನೀಡುವ ಸ್ಥಳವೆಂದು, ಗತಿಯಿಲ್ಲದ ರೋಗಿಗಳಿಗೆ ಮದ್ದು ದೊರೆಯುವ ಸ್ಥಳವೆಂದು ವರ್ಣಿಸುತ್ತದೆ. ಇಂಥ ಧರ್ಮಕಾರ್ಯಗಳಿಗೆ ಭೂಮಿಯನ್ನು ಬಿಟ್ಟ ದಾನಶಾಸನಗಳ ಕೊನೆಯಲ್ಲಿ ಒಂದು ಲೆಕ್ಕ ಬರುವುದು ವಾಡಿಕೆ. ಈ ಧರ್ಮವನ್ನು ಕಾಪಾಡಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ದಾನಮಾಡಿದ ಫಲ. ಕೆಡಿಸಿದವನಿಗೆ ಅಷ್ಟೇ ಕವಿಲೆಗಳನ್ನು ಕೊಂದ ಪಾಪ. ಸತ್ಕಾರ್ಯವು ಫಲವನ್ನು ಗಳಿಸಿಕೊಡುತ್ತದೆ, ಆ ಫಲ ಪರಲೋಕದಲ್ಲಿ ಸಲ್ಲುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಈ ಲೆಕ್ಕವನ್ನು ಹಗುರವಾಗಿ ಕಾಣಬಾರದು, ಏಕೆಂದರೆ ಅದೇ ನಂಬಿಕೆ ಕೆರೆಗಳನ್ನು ಕಟ್ಟಿಸಿದೆ, ಹಸಿದವರಿಗೆ ಊಟವಿಕ್ಕಿದೆ.

ಇಲ್ಲಿಯವರೆಗೆ ಹೇಳಿದ್ದು ಎರಡು ಉತ್ತರಗಳು. ಆತ್ಮವು ತನ್ನ ಶ್ರಮದಿಂದಲೇ ಬಿಡುಗಡೆ ಹೊಂದಬೇಕೆಂಬುದು ಒಂದು. ಪುಣ್ಯಕಾರ್ಯವು ಸದ್ಗತಿಯನ್ನು ಗಳಿಸುತ್ತದೆಂಬುದು ಇನ್ನೊಂದು. ಎರಡರಲ್ಲಿಯೂ ನಡತೆಯೇ ಮುಂದೆ ನಿಲ್ಲುತ್ತದೆ. ಇನ್ನು ಕ್ರೈಸ್ತ ಚರ್ಚೆಯ ಮೂಲಕ್ಕೆ ಹೋಗಬಹುದು.

ಆ ಮೂಲ ಹೊಸ ಒಡಂಬಡಿಕೆಯಲ್ಲಿಯೇ ಇದೆ. ಅಪೊಸ್ತಲ ಪೌಲನು ಗಲಾತ್ಯದ ಮತ್ತು ರೋಮಿನ ಸಭೆಗಳಿಗೆ ಬರೆದ ಪತ್ರಗಳಲ್ಲಿ, ಮನುಷ್ಯನು ದೇವರ ಮುಂದೆ ನೀತಿವಂತನೆಂದು ಎಣಿಸಲ್ಪಡುವುದು ಧರ್ಮಶಾಸ್ತ್ರದ ನೇಮನಿಷ್ಠೆಗಳಿಂದಲ್ಲ, ಯೇಸುವಿನಲ್ಲಿಡುವ ನಂಬಿಕೆಯಿಂದ ಎಂದು ವಾದಿಸಿದನು. ಯೆಹೂದ್ಯರಲ್ಲದವರು ಯೇಸುವನ್ನು ನಂಬಿ ಬಂದಾಗ ಅವರೂ ಸುನ್ನತಿ ಮಾಡಿಸಿಕೊಳ್ಳಬೇಕೇ, ಊಟದ ಮಡಿಗಳನ್ನು ಪಾಲಿಸಬೇಕೇ ಎಂಬ ವಿವಾದ ಆ ವಾದದ ಹಿನ್ನೆಲೆಯಲ್ಲಿತ್ತು. ಯಾಕೋಬನ ಹೆಸರಿನಲ್ಲಿರುವ ಪತ್ರದ ಹಿನ್ನೆಲೆ ಬೇರೆ. ಸಭೆಗೆ ಚಿನ್ನದ ಉಂಗುರ ತೊಟ್ಟ ಶ್ರೀಮಂತ ಬಂದರೆ ಒಳ್ಳೆಯ ಆಸನ, ಹರಕು ಬಟ್ಟೆಯ ಬಡವ ಬಂದರೆ ಕಾಲ ಬಳಿ ಜಾಗ. ಹಸಿದವನಿಗೆ ಬಾಯಿಮಾತಿನ ಹಾರೈಕೆ, ಕೈಯಿಂದ ಏನೂ ಇಲ್ಲ. ಇಂಥ ನಡತೆಯನ್ನು ಕಂಡು ನೊಂದ ಆ ಪತ್ರದ ಲೇಖಕ, ಕ್ರಿಯೆಯಿಲ್ಲದ ನಂಬಿಕೆಯನ್ನು ಸತ್ತದ್ದೆಂದು ಪರಿಗಣಿಸಿದನು.

ಇಬ್ಬರೂ ತಮ್ಮ ವಾದಕ್ಕೆ ಅಬ್ರಹಾಮನನ್ನೇ ಸಾಕ್ಷಿಯಾಗಿ ಕರೆಯುವುದು ಈ ಚರ್ಚೆಯ ಅತ್ಯಂತ ಸ್ವಾರಸ್ಯದ ಭಾಗ. ಮಕ್ಕಳಿಲ್ಲದ ವೃದ್ಧನಾಗಿದ್ದ ಅಬ್ರಹಾಮ ಸಂತಾನದ ವಾಗ್ದಾನವನ್ನು ಕೇಳಿ ನಂಬಿದ ಗಳಿಗೆಯನ್ನು ಪೌಲ ತೋರಿಸುತ್ತಾನೆ. ಆಗಿನ್ನೂ ಅಬ್ರಹಾಮನಿಗೆ ಸುನ್ನತಿಯಾಗಿರಲಿಲ್ಲ, ಅವನು ನಂಬಿದ್ದನಷ್ಟೆ. ಅದೇ ಅಬ್ರಹಾಮ ಎಷ್ಟೋ ವರ್ಷಗಳ ನಂತರ ಮಗ ಇಸಾಕನನ್ನು ಬಲಿಪೀಠಕ್ಕೆ ಕರೆದೊಯ್ದ ಗಳಿಗೆಯನ್ನು ಯಾಕೋಬನ ಪತ್ರ ತೋರಿಸುತ್ತದೆ. ಅಲ್ಲಿ ನಂಬಿಕೆ ಕ್ರಿಯೆಯಾಗಿ ಪೂರ್ಣಗೊಂಡಿತು. ಒಬ್ಬನ ಕಣ್ಣು ಆರಂಭದ ಮೇಲೆ, ಇನ್ನೊಬ್ಬನ ಕಣ್ಣು ಪರಿಣಾಮದ ಮೇಲೆ. ಪೌಲನೂ ಪ್ರೀತಿಯ ಮೂಲಕ ಕೆಲಸಮಾಡುವ ನಂಬಿಕೆಯನ್ನೇ ಬೋಧಿಸಿದ್ದಾನೆಂಬುದನ್ನು ನೆನೆದರೆ, ಇಬ್ಬರ ನಡುವಣ ಅಂತರ ಮುಂದಿನ ತಲೆಮಾರುಗಳು ಮಾಡಿಕೊಂಡಷ್ಟು ದೊಡ್ಡದಾಗಿರಲಿಲ್ಲವೆಂದೇ ಹೇಳಬೇಕು. ಅವರು ಹೋರಾಡಿದ್ದು ಎರಡು ಬೇರೆ ಬೇರೆ ಅಪಾಯಗಳ ವಿರುದ್ಧ. ಪೌಲನಿಗೆ ಕಂಡ ಅಪಾಯ ಆಚಾರವಂತನ ಅಹಂಕಾರ. ಯಾಕೋಬನಿಗೆ ಕಂಡದ್ದು ನಂಬಿಕೆಯ ಹೆಸರಿನ ಸೋಮಾರಿತನ.

ನಾಲ್ಕನೆಯ ಶತಮಾನ ಮುಗಿದು ಐದನೆಯದು ತೊಡಗಿದಾಗ ಚರ್ಚೆ ಇನ್ನೂ ಆಳಕ್ಕಿಳಿಯಿತು. ಬ್ರಿಟನ್ನಿನಿಂದ ರೋಮಿಗೆ ಬಂದ ಪೆಲಾಜಿಯಸ್, ದೇವರು ಆಜ್ಞೆಯನ್ನು ಕೊಟ್ಟಿದ್ದಾನೆಂದ ಮೇಲೆ ಅದನ್ನು ಪಾಲಿಸುವ ಶಕ್ತಿಯೂ ಮನುಷ್ಯನಿಗಿದೆ ಎಂದು ಬೋಧಿಸಿದನು. ಉತ್ತರ ಆಫ್ರಿಕದ ಹಿಪ್ಪೊ ನಗರದ ಬಿಷಪ್ ಆಗಸ್ಟೀನನು ಇದನ್ನು ಒಪ್ಪಲಿಲ್ಲ. ಮನುಷ್ಯನ ಇಚ್ಛೆಯೇ ಕಾಯಿಲೆ ಬಿದ್ದಿದೆ, ಒಳ್ಳೆಯದನ್ನು ಬಯಸುವುದಕ್ಕೂ ಮೊದಲು ಕೃಪೆ ಬೇಕು ಎಂದು ಅವನು ವಾದಿಸಿದನು. 418ರಲ್ಲಿ ಕಾರ್ತೇಜಿನಲ್ಲಿ ಸೇರಿದ ಸಭೆ ಪೆಲಾಜಿಯಸನ ಬೋಧನೆಯನ್ನು ತಿರಸ್ಕರಿಸಿತು. ಕ್ರಮೇಣ ಪಶ್ಚಿಮದ ಕ್ರೈಸ್ತ ಸಭೆಯಲ್ಲಿ ಕೃಪೆಯೇ ಮೊದಲೆಂಬುದು ಸ್ಥಿರವಾಯಿತು. ಮುಂದಿನ ಜಗಳ ನಡೆದದ್ದೆಲ್ಲ ಕೃಪೆಯ ನಂತರ ನಡತೆಗೆ ಯಾವ ಸ್ಥಾನ ಎಂಬುದರ ಮೇಲೆ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಹದಿನಾರನೆಯ ಶತಮಾನಕ್ಕೆ ಬರಬೇಕು. ಕ್ಷಮೆ ಹೊಂದಿದ ಪಾಪಕ್ಕೂ ಅನುಭವಿಸಬೇಕಾದ ಶಿಕ್ಷೆ ಸ್ವಲ್ಪ ಉಳಿದಿರುತ್ತದೆ, ಅದನ್ನು ಕಡಿತಗೊಳಿಸುವ ಅಧಿಕಾರ ಸಭೆಗಿದೆ ಎಂಬ ತತ್ತ್ವದ ಆಧಾರದ ಮೇಲೆ ಅಂದು ವಿನಾಯಿತಿ ಪತ್ರಗಳು ಹಣಕ್ಕೆ ದೊರೆಯುತ್ತಿದ್ದವು. ತತ್ತ್ವ ಸೂಕ್ಷ್ಮವಾಗಿತ್ತು, ಆದರೆ ಬೀದಿಯಲ್ಲಿ ಜನರಿಗೆ ಕಂಡದ್ದು ಹಣ ಕೊಟ್ಟು ಸದ್ಗತಿ ಪಡೆಯುವ ವ್ಯವಹಾರ. 1517ರಲ್ಲಿ ಜರ್ಮನಿಯ ವಿಟೆನ್‌ಬರ್ಗಿನ ಸನ್ಯಾಸಿ ಮಾರ್ಟಿನ್ ಲೂಥರ್ ಇದರ ವಿರುದ್ಧ 95 ವಾದಸೂತ್ರಗಳನ್ನು ಪ್ರಕಟಿಸಿದನು. ಉಪವಾಸ, ಜಾಗರಣೆ, ಪಾಪನಿವೇದನೆಗಳಿಂದ ತನ್ನ ದೇಹವನ್ನು ದಂಡಿಸಿಯೂ ಮನಶ್ಶಾಂತಿಯನ್ನು ಕಾಣದಿದ್ದ ಆತನಿಗೆ, ನೀತಿಯೆಂಬುದು ದೇವರು ಕೇಳುವ ಕಂದಾಯವಲ್ಲ, ದೇವರು ಕೊಡುವ ದಾನ ಎಂಬ ಅರಿವು ಪೌಲನ ಪತ್ರಗಳಲ್ಲಿ ದೊರೆಯಿತು. ನಂಬಿಕೆಯೊಂದರಿಂದಲೇ ಮನುಷ್ಯ ನೀತಿವಂತನೆಂದು ಎಣಿಸಲ್ಪಡುತ್ತಾನೆ ಎಂದು ಅವನು ಸಾರಿದನು. ಕ್ಯಾಥೊಲಿಕ್ ಸಭೆ ಟ್ರೆಂಟ್ ನಗರದ ಮಹಾಸಭೆಯಲ್ಲಿ 1547ರಲ್ಲಿ ಕೊಟ್ಟ ಉತ್ತರವೂ ಕೃಪೆಯಿಂದಲೇ ಆರಂಭವಾಗುತ್ತದೆ. ಆದರೆ ಕೃಪೆಯೊಡನೆ ಮನುಷ್ಯ ತನ್ನ ಇಚ್ಛೆಯಿಂದ ಸಹಕರಿಸಬೇಕು, ನಂಬಿಕೆಯ ಜೊತೆಗೆ ನಿರೀಕ್ಷೆಯೂ ಪ್ರೀತಿಯೂ ಇರಬೇಕು, ಹೀಗೆ ಪಡೆದ ನೀತಿ ಸತ್ಕ್ರಿಯೆಗಳಿಂದ ಬೆಳೆಯುತ್ತದೆ ಎಂದು ಅದು ಸ್ಪಷ್ಟಪಡಿಸುತ್ತದೆ. ಲೂಥರನ ಪಕ್ಷಕ್ಕೆ ಸತ್ಕ್ರಿಯೆ ಬರಿಯ ಫಲ. ಟ್ರೆಂಟಿನ ಪಕ್ಷಕ್ಕೆ ಅದು ಫಲವೂ ಹೌದು, ಬೆಳವಣಿಗೆಯ ಕಾರಣವೂ ಹೌದು.

ಕೇಳುಗರೇ, ಈ ಚರ್ಚೆ ಕನ್ನಡ ನಾಡಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದನು. 1831ರ ವೇಳೆಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಪಯಟಿಸ್ಟ್ ಪರಂಪರೆಗೆ ಸೇರಿದವರು. ಲೂಥರನ ಕೃಪಾತತ್ತ್ವವನ್ನು ಒಪ್ಪಿಯೂ ಅಂತರಂಗದ ಪರಿವರ್ತನೆ ಮತ್ತು ದಿನನಿತ್ಯದ ಶಿಸ್ತು ಎರಡನ್ನೂ ಒತ್ತಿ ಹೇಳುವ ಪರಂಪರೆ ಅದು. ಆ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಬಸವಪುರಾಣವನ್ನೂ ದಾಸರ ಪದಗಳನ್ನೂ ಪ್ರಕಟಿಸಿದನೆಂಬುದು ಈ ಸಂದರ್ಭದಲ್ಲಿ ನೆನೆಯಬೇಕಾದ ಸಂಗತಿ. ಕೃಪೆಯ ಬಗ್ಗೆ ಬೋಧಿಸಲು ಬಂದವನು ಈ ನಾಡಿನ ಭಕ್ತರ ಸಾಹಿತ್ಯವನ್ನು ಕೈಗೆತ್ತಿಕೊಂಡು ಓದಿದನು.

ಮೈಸೂರು ಸಂಸ್ಥಾನದಲ್ಲಿ, ಶಿವಮೊಗ್ಗವೂ ಸೇರಿದಂತೆ, ಕೆಲಸಮಾಡಿದವರು ವೆಸ್ಲಿಯನ್ ಮಿಷನ್ನಿನವರು. ಅವರ ಮೂಲಪುರುಷ ಜಾನ್ ವೆಸ್ಲಿಯ ಬಾಳು ಈ ಚರ್ಚೆಯ ಸಂಕ್ಷೇಪದಂತಿದೆ. ಆಕ್ಸ್‌ಫರ್ಡಿನಲ್ಲಿದ್ದಾಗ ಅವನು ಕಟ್ಟುನಿಟ್ಟಾದ ವ್ರತನೇಮಗಳನ್ನು ಪಾಲಿಸುತ್ತ, ಸೆರೆಮನೆಯಲ್ಲಿದ್ದವರನ್ನು ಕಂಡು ಸಂತೈಸುತ್ತ ಇದ್ದರೂ ಒಳಗೆ ಶಾಂತಿಯಿರಲಿಲ್ಲ. 1738ರ ಮೇ ತಿಂಗಳ ಒಂದು ಸಂಜೆ, ಲಂಡನ್ನಿನ ಒಂದು ಕೂಟದಲ್ಲಿ ರೋಮಿನವರಿಗೆ ಬರೆದ ಪತ್ರಕ್ಕೆ ಲೂಥರ್ ಬರೆದ ಮುನ್ನುಡಿಯನ್ನು ಒಬ್ಬರು ಓದುತ್ತಿದ್ದಾಗ, ತನಗೂ ಕ್ಷಮೆ ದೊರೆತಿದೆ ಎಂಬ ಭರವಸೆ ಅವನಲ್ಲಿ ಮೂಡಿತು. ಆದರೂ ಅವನು ನೇಮಗಳನ್ನು ಕೈಬಿಡಲಿಲ್ಲ. ಐದು ವರ್ಷಗಳ ನಂತರ ತನ್ನ ಕೂಟಗಳಿಗೆ ಬರೆದುಕೊಟ್ಟ ನಿಯಮಗಳಲ್ಲಿ ಕೇಡು ಮಾಡದಿರುವುದು, ಒಳಿತು ಮಾಡುವುದು, ಆರಾಧನೆಯ ವಿಧಿಗಳನ್ನು ಪಾಲಿಸುವುದು ಈ ಮೂರನ್ನೂ ಅವನು ಕಡ್ಡಾಯ ಮಾಡಿದನು. ಮೊದಲು ಶಾಂತಿಯನ್ನು ಗಳಿಸಲು ಮಾಡುತ್ತಿದ್ದ ಕೆಲಸಗಳನ್ನೇ ಆಮೇಲೆ ಶಾಂತಿ ದೊರೆತದ್ದರಿಂದ ಮಾಡಿದನು. ಇಡೀ ವಿವಾದದ ತಿರುಳು ಈ ಒಂದು ವ್ಯತ್ಯಾಸದಲ್ಲಿದೆ: ಕೆಲಸ ಅದೇ, ಅದು ನಿಲ್ಲುವ ಸ್ಥಾನ ಬೇರೆ.

ಇದುವರೆಗೆ ಕೇಳಿದ್ದನ್ನು ಮತ್ತೊಮ್ಮೆ ನೆನೆಯಬಹುದು. ಪೌಲನಿಂದ ವೆಸ್ಲಿಯವರೆಗೆ ಕೃಪೆ ಮೊದಲು ಎಂಬ ಮಾತಿದೆ. ನಡತೆ ಬೇಡವೆಂದು ಇವರಲ್ಲಿ ಯಾರೂ ಹೇಳಿಲ್ಲ. ನಡತೆ ಬೆಲೆಯೋ ಫಲವೋ ಎಂಬುದು ಪ್ರಶ್ನೆ. ಇದೇ ಪ್ರಶ್ನೆಯನ್ನು ಲೂಥರನಿಗಿಂತ ಸುಮಾರು 350 ವರ್ಷ ಮೊದಲು ಎತ್ತಿದವನು, ಪರಂಪರೆಯ ಪ್ರಕಾರ, ಬಳ್ಳಿಗಾವೆಯಲ್ಲಿಯೇ ಹುಟ್ಟಿದ ಅಲ್ಲಮಪ್ರಭು.

ಹದಿನೈದನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಯಲ್ಲಿ ಅಲ್ಲಮ ಸೊನ್ನಲಿಗೆಗೆ, ಅಂದರೆ ಇಂದಿನ ಸೊಲ್ಲಾಪುರಕ್ಕೆ, ಹೋಗುವ ಪ್ರಸಂಗವಿದೆ. ಅಲ್ಲಿ ಸಿದ್ಧರಾಮ ಕೆರೆಗಳನ್ನು ತೋಡಿಸುತ್ತ, ಗುಡಿಗಳನ್ನು ಕಟ್ಟಿಸುತ್ತ, ಅಪಾರ ಜನರ ಗೌರವಕ್ಕೆ ಪಾತ್ರನಾಗಿದ್ದನು. ಅಲ್ಲಮ ಅವನನ್ನು ಮಣ್ಣು ಅಗೆಯುವವನೆಂದು ಕರೆದು ಕೆಣಕುತ್ತಾನೆ. ಶಿಷ್ಯರು ಸಿಟ್ಟಿಗೆದ್ದು ಕಲ್ಲು ಬೀರುತ್ತಾರೆ. ನಂತರ ನಡೆಯುವ ಸಂವಾದದಲ್ಲಿ ಅಲ್ಲಮ ಹಿಡಿಯುವುದು ಕೆರೆಯನ್ನಲ್ಲ, ಕೆರೆಯನ್ನು ಕಟ್ಟಿಸಿದೆನೆಂಬ ಭಾವವನ್ನು. ಪುಣ್ಯವನ್ನು ಗಳಿಸುವ ಹಂಬಲ ಇರುವವರೆಗೆ ಸತ್ಕಾರ್ಯವೂ ಒಂದು ಬಂಧನವೇ ಎಂಬುದು ಅವನ ನಿಲುವು. ದಾನದ ಫಲವನ್ನು ಕವಿಲೆಗಳ ಸಂಖ್ಯೆಯಲ್ಲಿ ಎಣಿಸುತ್ತಿದ್ದ ನಾಡಿನಿಂದ ಬಂದವನು ಈ ಮಾತನ್ನು ಹೇಳಿದನೆಂಬುದಕ್ಕೆ ವಿಶೇಷ ತೂಕವಿದೆ. ಬಳ್ಳಿಗಾವೆಯ ಶಾಸನಗಳನ್ನೂ ಅಲ್ಲಮನ ವಚನಗಳನ್ನೂ ಒಟ್ಟಿಗೆ ಓದದವರಿಗೆ ಅವನ ಕಟುತ್ವ ಅನಗತ್ಯವೆಂದು ತೋರುತ್ತದೆ. ಒಟ್ಟಿಗೆ ಓದಿದವರಿಗೆ ಅದು ಅನಿವಾರ್ಯವೆಂದು ತಿಳಿಯುತ್ತದೆ. ಉಡುತಡಿಯಿಂದ ಎಲ್ಲವನ್ನೂ ತೊರೆದು ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅವನು ಪರೀಕ್ಷಿಸುವುದೂ ಇದೇ ಕಾರಣದಿಂದ. ಉಡುಗೆಯನ್ನು ತೊರೆದದ್ದೇ ಒಂದು ಸಾಧನೆಯಾಗಿಬಿಡುವ ಅಪಾಯವನ್ನು ಅವನು ಬಲ್ಲನು, ಮತ್ತು ಅಕ್ಕನ ಉತ್ತರಗಳಿಂದ ಆ ಶಂಕೆ ತೀರಿದ ಮೇಲೆಯೇ ಅವಳನ್ನು ಕೊಂಡಾಡುತ್ತಾನೆ.

ಹಾಗಾದರೆ ಅಲ್ಲಮ, ಅಕ್ಕಮಹಾದೇವಿಯಂಥ ಶರಣರು ನಡತೆಯನ್ನು ಕೈಬಿಟ್ಟರೇ? ಇಲ್ಲ. ಗುರುಕಾರುಣ್ಯ, ಅಂದರೆ ದೀಕ್ಷೆಯ ಮೂಲಕ ಗುರು ತೋರುವ ಕೃಪೆ, ಮೊದಲು ಬರುತ್ತದೆ. ಅದರ ಬೆನ್ನಲ್ಲೇ ಆಚಾರವೂ ಕಾಯಕವೂ ಬರುತ್ತವೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಜಂಗಮ ದಾಸೋಹ ನಡೆಸುತ್ತಿದ್ದ ನುಲಿಯ ಚಂದಯ್ಯ, ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ನೀರಿಗೆ ಜಾರಿ ಬಿದ್ದರೂ ಕಾಯಕವನ್ನು ಬಿಟ್ಟು ನಿಲ್ಲಲಿಲ್ಲವೆಂದು ಕಥೆಯಿದೆ. ಪೂಜೆಗಿಂತ ಕಾಯಕ ಹಿರಿದೆಂಬ ಅವನ ಹಟ ಯಾಕೋಬನ ಪತ್ರದ ಹಟಕ್ಕೆ ಹತ್ತಿರವಾದದ್ದು.

ಈ ಎರಡು ತುದಿಗಳನ್ನೂ ಒಟ್ಟಿಗೆ ಹಿಡಿದವಳು ಆಯ್ದಕ್ಕಿ ಲಕ್ಕಮ್ಮ. ಅವಳ ಪತಿ ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಮ್ಮೆ ಅಲ್ಲಮನ ಮಾತಿನಲ್ಲಿ ಮೈಮರೆತು ಅವನು ಕಾಯಕವನ್ನೇ ಮರೆತಾಗ ಲಕ್ಕಮ್ಮ ಎಚ್ಚರಿಸಿ ಕಳುಹಿಸುತ್ತಾಳೆ. ಅವನು ಹೋಗಿ ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ, ಅದು ಆಸೆಯ ಗುರುತೆಂದು ಹೇಳಿ, ಹೆಚ್ಚಿನದನ್ನು ಮೊದಲಿದ್ದಲ್ಲಿಯೇ ಸುರಿದು ಬರುವಂತೆ ಮಾಡುತ್ತಾಳೆ. ಅನುಭವದ ಮಾತು ಕೇಳುವುದೇ ಸಾಕೆಂದು ಕುಳಿತವನನ್ನು ಕೆಲಸಕ್ಕೆ ಎಬ್ಬಿಸಿದವಳೂ ಅವಳೇ, ಕೆಲಸ ಗಳಿಕೆಯಾಗತೊಡಗಿದಾಗ ತಡೆದವಳೂ ಅವಳೇ. ಪೌಲನ ಎಚ್ಚರ ಮತ್ತು ಯಾಕೋಬನ ಎಚ್ಚರ ಒಂದೇ ಮನೆಯೊಳಗೆ, ಒಂದೇ ದಿನ, ಒಬ್ಬ ಬಡ ಹೆಂಗಸಿನ ಬಾಯಲ್ಲಿ ಕೇಳಿಬರುವುದನ್ನು ಕ್ರೈಸ್ತ ಧರ್ಮಶಾಸ್ತ್ರದ ವಿದ್ಯಾರ್ಥಿಗಳೂ ಓದಬೇಕಾಗಿದೆ.

ಹೋಲಿಕೆಗೆ ಒಂದು ಮಿತಿಯಿದೆ, ಅದನ್ನು ಮರೆಮಾಚಬಾರದು. ಕ್ರೈಸ್ತರಿಗೆ ಕೃಪೆಯೆಂಬುದು ಚರಿತ್ರೆಯಲ್ಲಿ ಒಮ್ಮೆ ನಡೆದ ಘಟನೆಗೆ, ಯೇಸುವಿನ ಮರಣ ಮತ್ತು ಪುನರುತ್ಥಾನಕ್ಕೆ, ಬಿಗಿದುಕೊಂಡಿದೆ. ಶರಣರಿಗೆ ಅದು ಗುರುವಿನ ಕೈಯಿಂದ ಬರುವ ಲಿಂಗಕ್ಕೂ ಅಂತರಂಗದ ಅರಿವಿಗೂ ಸೇರಿದ್ದು. ಅದರ ಕೊನೆ ಲಿಂಗದೊಡನೆ ಐಕ್ಯ. ಜೈನರಿಗಂತೂ ಕೃಪೆಯ ಮಾತೇ ಇಲ್ಲ. ಶ್ರೀವೈಷ್ಣವರಲ್ಲಿ ಕೃಪೆಯ ಬಗ್ಗೆಯೇ, ತಾಯಿಯನ್ನು ತಾನೇ ಅಪ್ಪಿಕೊಳ್ಳುವ ಮರಿಕೋತಿ ಮತ್ತು ತಾಯಿಯೇ ಕಚ್ಚಿ ಎತ್ತಿಕೊಳ್ಳುವ ಬೆಕ್ಕಿನ ಮರಿ ಎಂಬ ಎರಡು ದೃಷ್ಟಾಂತಗಳ ಮೇಲೆ ಎರಡು ಪಂಥಗಳೇ ಬೆಳೆದಿವೆ. ಎಲ್ಲರೂ ಒಂದೇ ಮಾತನ್ನು ಹೇಳಿದರೆಂದು ಸಾರುವುದು ಯಾರಿಗೂ ಗೌರವವಲ್ಲ. ಎಲ್ಲರನ್ನೂ ಒಂದೇ ಪ್ರಶ್ನೆ ಕಾಡಿತೆಂದು ಮಾತ್ರ ನಿಸ್ಸಂಶಯವಾಗಿ ಹೇಳಬಹುದು.

ಇನ್ನು ಉಳಿದಿರುವುದು ಇತ್ತೀಚಿನ ಮಾತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಲೂಥರನ್ ಜಾಗತಿಕ ಒಕ್ಕೂಟ ಮತ್ತು ಕ್ಯಾಥೊಲಿಕ್ ಸಭೆ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ಮನುಷ್ಯನ ಅರ್ಹತೆಯಿಂದಲ್ಲ, ಕೃಪೆಯಿಂದಲೇ ದೇವರು ಅವನನ್ನು ಸ್ವೀಕರಿಸುತ್ತಾನೆ ಮತ್ತು ಆ ಕೃಪೆಯೇ ಅವನನ್ನು ಸತ್ಕ್ರಿಯೆಗಳಿಗೆ ಕರೆಯುತ್ತದೆ ಎಂಬುದನ್ನು ಇಬ್ಬರೂ ಒಪ್ಪಿಕೊಂಡರು. 2006ರಲ್ಲಿ ವೆಸ್ಲಿಯ ಪರಂಪರೆಯ ಮೆಥೊಡಿಸ್ಟರ ಜಾಗತಿಕ ಮಂಡಲಿಯೂ ಇದಕ್ಕೆ ಸೇರಿತು. ಮೈಸೂರು ಸಂಸ್ಥಾನದ ವೆಸ್ಲಿಯನ್ ಸಭೆಗಳು 1947ರಲ್ಲಿಯೇ ದಕ್ಷಿಣ ಭಾರತದ ಸಭೆಯಲ್ಲಿ ಸೇರಿಹೋಗಿದ್ದವು. ಶಿವಮೊಗ್ಗದಲ್ಲಿ 1988ರಿಂದ ಕ್ಯಾಥೊಲಿಕ್ ಧರ್ಮಪ್ರಾಂತವೂ ಇದೆ. ಹೀಗಾಗಿ ಸುಮಾರು ಐನೂರು ವರ್ಷಗಳ ಈ ವಿವಾದದ ಎರಡೂ ಕಡೆಯ ವಾರಸುದಾರರು ಇದೇ ಜಿಲ್ಲೆಯಲ್ಲಿ ನೆರೆಹೊರೆಯವರಾಗಿದ್ದಾರೆ.

ಆದರೂ ಒಂದು ಪ್ರಶ್ನೆ ಉಳಿದಿದೆ. ಕೃಪೆಯನ್ನು ಪಡೆದವನು ಆಮೇಲೂ ಪಾಪಿಯಾಗಿಯೇ ಇರುತ್ತಾನೆಯೇ? ಅವನು ಏಕಕಾಲಕ್ಕೆ ನೀತಿವಂತನೂ ಹೌದು, ಪಾಪಿಯೂ ಹೌದು ಎಂದು ಲೂಥರ್ ಹೇಳಿದನು. ಪಾಪದ ಕಡೆಗೆ ಸೆಳೆತ ಉಳಿದರೂ ಆ ಸೆಳೆತವನ್ನೇ ಪಾಪವೆನ್ನಲಾಗದು ಎಂದು ಟ್ರೆಂಟ್ ಹೇಳಿತು. ಈ ಬಾಳಿನಲ್ಲಿಯೇ ಪ್ರೀತಿ ಪರಿಪೂರ್ಣವಾಗಬಹುದೆಂದು ವೆಸ್ಲಿ ಆಶಿಸಿದನು. ಕಲ್ಯಾಣದ ಶರಣರೆಲ್ಲರ ಗೌರವಕ್ಕೆ ಪಾತ್ರನಾದ ಬಸವಣ್ಣ ತನ್ನ ಮನಸ್ಸಿನ ಚಂಚಲತೆಯನ್ನೂ ತನ್ನ ಕಿರಿತನವನ್ನೂ ವಚನ ವಚನದಲ್ಲಿ ನಿವೇದಿಸಿಕೊಳ್ಳುವುದನ್ನು ಬಲ್ಲ ಕನ್ನಡಿಗರಿಗೆ ಲೂಥರನ ಮಾತು ಅಪರಿಚಿತವೆನಿಸಲಾರದು. ಲಿಂಗೈಕ್ಯದ ಭರವಸೆಯನ್ನು ಬಲ್ಲವರಿಗೆ ವೆಸ್ಲಿಯ ಆಶಯವೂ ದೂರದ್ದಲ್ಲ. ಆಗ್ಸ್‌ಬರ್ಗಿನ ಘೋಷಣೆ ಈ ವಿಷಯದಲ್ಲಿ ಲೂಥರನ್ ಮತ್ತು ಕ್ಯಾಥೊಲಿಕ್ ಪಕ್ಷಗಳ ವಿವರಣೆಯನ್ನು ಬೇರೆ ಬೇರೆಯಾಗಿಯೇ ದಾಖಲಿಸಿ, ಹಳೆಯ ಬಹಿಷ್ಕಾರಗಳನ್ನು ಬದಿಗಿಟ್ಟು, ಮಾತುಕತೆಯನ್ನು ಮುಂದಿನವರಿಗೆ ಬಿಟ್ಟಿದೆ.